ಸಾಹಿತ್ಯವಿಲ್ಲದ ಸಂಗೀತಕ್ಕೂ ಕನ್ನಡದ ವಿಳಾಸ ಬೇಕು

ಶುಕ್ರವಾರ ಬಂತೆಂದರೆ ಮೊಬೈಲಿನ ಸಂಗೀತ ಆ್ಯಪ್‌ಗಳಲ್ಲಿ ಹೊಸ ಆಲ್ಬಂಗಳ ಸಾಲು. ‘ಕನ್ನಡ’ ಎಂದು ಆರಿಸಿಕೊಂಡರೆ ಸಿಗುವುದು ಹೆಚ್ಚಾಗಿ ಸಿನಿಮಾ ಹಾಡು. ಅದು ಬಿಟ್ಟರೆ ಭಕ್ತಿಗೀತೆ, ಭಾವಗೀತೆ. ಡೊಂಬಿವಲಿ ಎಂಐಡಿಸಿ, ಠಾಣೆ, ನವಿ ಮುಂಬೈಗಳ ನಡುವೆ ಓಡಾಡುವ ನಮಗೆ ಲೋಕಲ್ ರೈಲಿನಲ್ಲಿ ಅವೇ ಜೊತೆ. ತಪ್ಪೇನಿಲ್ಲ. ಆದರೆ ಕನ್ನಡಿಗರ ಸಂಗೀತವೆಂದರೆ ಇಷ್ಟೇ ಎಂದು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ತಿಳಿದರೆ ಅದು ನಷ್ಟ.

ಕದ್ರಿ ಗೋಪಾಲನಾಥರನ್ನೇ ನೋಡಿ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದವರು, ನಾಗಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮನಸೋತು, ಅದನ್ನು ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗಿಸಿದರು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ತಾವೂ ವೇದಿಕೆಯೇರಿ ಜೊತೆಗೂಡಿದರು. 1994ರಲ್ಲಿ ಎ.ಆರ್. ರೆಹಮಾನ್ ಸಂಗೀತದ ತಮಿಳು ಚಿತ್ರ ‘ಡ್ಯುಯೆಟ್’ನ ಜೀವಾಳವಾಗಿದ್ದುದು ಇದೇ ಸ್ಯಾಕ್ಸೊಫೋನ್. ಅದೇ ವರ್ಷ ಅವರು ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲೂ ನುಡಿಸಿದರು.

ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಂತಪ್ಪ ಅವರದು ಮುಂದಿನ ಕಥೆ. ಜಾಝ್ ಕಲಿಯುತ್ತಿದ್ದ ಅವರಿಗೆ ಅಣ್ಣ ತಮಾಷೆಗೆಂದು ಕೊಟ್ಟ ಆಲ್ಬಂ ಗೋಪಾಲನಾಥರದ್ದು. ತಮಾಷೆ ಗಂಭೀರವಾಯಿತು, 2008ರಲ್ಲಿ ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ ಹೊರಬಂತು. ಅದಕ್ಕೂ ಮೊದಲು, 2004ರಲ್ಲಿ, ಮಹಂತಪ್ಪ ‘ಮದರ್ ಟಂಗ್’ ತಂದಿದ್ದರು. ‘ನೀವು ಇಂಡಿಯನ್ ಭಾಷೆ ಮಾತಾಡುತ್ತೀರಾ?’ ಎಂಬ ಪ್ರಶ್ನೆಗೆ ಭಾರತೀಯ ಮೂಲದವರು ತಂತಮ್ಮ ಭಾಷೆಯಲ್ಲಿ ಕೊಟ್ಟ ಉತ್ತರಗಳ ಏರಿಳಿತವನ್ನೇ ಸ್ವರಕ್ಕಿಳಿಸಿದ ಆಲ್ಬಂ ಅದು. ಅದರಲ್ಲಿ ಒಂದು ರಚನೆಯ ಹೆಸರು ‘ಕನ್ನಡ’. ಒಂದು ಪದವೂ ಇಲ್ಲದೆ ನಮ್ಮ ನುಡಿಯ ಲಯ ಜಾಝ್ ಕೇಳುಗರನ್ನು ಮುಟ್ಟಿತು.

ಆದರೂ ಇವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ್ಯಪ್‌ಗಳು ಭಾಷೆಯನ್ನು ಗುರುತಿಸುವುದು ಹೆಚ್ಚಾಗಿ ಹಾಡಿನ ಸಾಹಿತ್ಯದಿಂದ. ಸಾಹಿತ್ಯವಿಲ್ಲದ ಸಂಗೀತ ‘ವಾದ್ಯಸಂಗೀತ’ ಅಥವಾ ‘ಜಾಝ್’ ಎಂಬ ಡಬ್ಬಿಗೆ ಬೀಳುತ್ತದೆ. ಕಂಪ್ಯೂಟರಿಗೆ ನಾವು ತುಂಬಿಕೊಟ್ಟಷ್ಟೇ ಗೊತ್ತು. ನುಡಿಸಿದವರ ಊರು ಅದಕ್ಕೆ ತಿಳಿಯದು. ಸಿನಿಮಾ ಹಾಡುಗಳಲ್ಲೂ ಗಾಯಕರ ಹೆಸರು ಎದ್ದು ಕಾಣುತ್ತದೆ, ವಾದಕರ ಹೆಸರು ಹುಡುಕಬೇಕು.

ಇದನ್ನು ಸರಿಪಡಿಸಲು ದೊಡ್ಡ ಚಳವಳಿ ಬೇಕಿಲ್ಲ. ಆಲ್ಬಂ ಹೊರತರುವ ಕಂಪನಿಗಳು ಪ್ರತಿ ವಾದಕರ ಹೆಸರನ್ನೂ ನಮೂದಿಸಲಿ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ಕರೋಕೆ ಸಂಜೆಯಲ್ಲಿ ಅರ್ಧ ಗಂಟೆಯನ್ನು ವಾದಕರಿಗೆ ಬಿಟ್ಟುಕೊಡಲಿ. ನಾವು ವಾರಕ್ಕೊಂದಾದರೂ ಇಂಥ ಆಲ್ಬಂ ಹುಡುಕಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳೋಣ. ಕನ್ನಡ ಓದಲು ಬಾರದ ಮಗುವಿಗೂ ಕನ್ನಡದ ದನಿ ಕೇಳಿಸುತ್ತದೆ. ಅಲ್ಲಿಂದ ಅಕ್ಷರಕ್ಕೆ ದಾರಿ ದೂರವಿಲ್ಲ.