ಬ್ರೆಮನ್ ಹೇಳಿದ್ದರಲ್ಲಿ ತಪ್ಪೇನಿದೆ?

ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ 1960ರ ದಶಕದ ಆರಂಭದಿಂದ ದಕ್ಷಿಣ ಗುಜರಾತಿನ ಕೃಷಿ ಕೂಲಿಗಳ ಬೆನ್ನು ಹತ್ತಿದವರು. ಅವರ ಬರಹವನ್ನು ಒಪ್ಪದವರು ಅಂದಿನಿಂದಲೂ ಇದ್ದಾರೆ. ಸಕ್ಕರೆ ಕಾರ್ಖಾನೆಗಳ ಪರ ಮಾತಾಡುವವರ ತಕರಾರು ಒಂದು ಬಗೆಯದಾದರೆ ಅರ್ಥಶಾಸ್ತ್ರಜ್ಞರದು ಇನ್ನೊಂದು ಬಗೆ. ಬ್ರೆಮನ್ ಹೆಸರನ್ನೇ ಕೇಳದ ನಮ್ಮ ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆಯಲ್ಲೂ ಅವೇ ವಾದಗಳು ಓಡಾಡುತ್ತವೆ. ಆದ್ದರಿಂದ ಅವನ್ನು ಒಂದೊಂದಾಗಿ ಎತ್ತಿಕೊಳ್ಳುವುದು ಒಳ್ಳೆಯದು.

ಮೊದಲು ಬ್ರೆಮನ್ ಹೇಳಿದ್ದೇನು ಎಂಬುದು ಸ್ಪಷ್ಟವಾಗಲಿ. ಕಾಕ್ರಾಪಾರ್ ಮತ್ತು ಉಕಾಯಿ ನೀರಾವರಿಯಿಂದ ಬಾರ್ಡೋಲಿ ಸುತ್ತಮುತ್ತ ಕಬ್ಬು ಹಬ್ಬಿತು, ಸಹಕಾರಿ ಕಾರ್ಖಾನೆಗಳು ಎದ್ದವು. ಹಂಗಾಮು ಶುರುವಾದರೆ ಕಬ್ಬು ಕಡಿಯಲು ಖಾನ್‌ದೇಶದಿಂದ, ಡಾಂಗ್‌ನಿಂದ ಸಾವಿರಾರು ಕುಟುಂಬಗಳು ಬಂದಿಳಿಯುತ್ತವೆ. ಅದೇ ಹೊತ್ತಿಗೆ ಆ ಸೀಮೆಯ ಭೂಹೀನ ಹಳಪತಿ ಸಮುದಾಯದವರು ಇಟ್ಟಿಗೆ ಭಟ್ಟಿಗೆ, ಉಪ್ಪಿನ ಗದ್ದೆಗೆ ಗುಳೆ ಹೋಗುತ್ತಾರೆ. ಕೆಲಸ ಇರುವ ಊರಿನವರು ಹೊರಗೆ, ಹೊರಗಿನವರು ಒಳಗೆ. ಮಾಲೀಕರು ಹುಡುಕುವುದು ಚೌಕಾಸಿ ಮಾಡಲಾಗದ ಆಳನ್ನು ಎಂಬುದು ಅವರ ತೀರ್ಮಾನ. 1985ರಲ್ಲಿ ಪ್ರಕಟವಾದ ಅವರ ಗ್ರಾಮೀಣ ಕಾರ್ಮಿಕರ ವಲಸೆ ಕುರಿತ ಪುಸ್ತಕದ ತಿರುಳು ಇಷ್ಟೇ.

1. ‘ಊರ ಆಳು ಸಿಗುವುದಿಲ್ಲ, ಸಿಕ್ಕರೂ ಸೋಮಾರಿ’

‘ಊರಾಗಿನ ಮಂದಿ ಕಬ್ಬು ಕಡಿಯಾಕ ಬರಂಗಿಲ್ರಿ’ ಎಂಬ ಮಾತು ನಮ್ಮಲ್ಲೂ ಉಂಟು. ಹಾಗಾದರೆ ಅದೇ ಸೋಮಾರಿ ಹಳಪತಿ ಮುಂಬೈ ಕಡೆಯ ಭಟ್ಟಿಯಲ್ಲಿ ನಸುಕಿನಿಂದ ಮಣ್ಣು ಕಲಸುವುದು ಹೇಗೆ? ನಮ್ಮ ಲೆಕ್ಕವೂ ಬೇರೆಯಲ್ಲ. ವಿಜಯಪುರದ ತಾಂಡಾಗಳಿಂದ ಲಂಬಾಣಿ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತವೆ, ಬೀಡ್ ಜಿಲ್ಲೆಯ ಗ್ಯಾಂಗುಗಳು ಬೆಳಗಾವಿಗೆ ಬರುತ್ತವೆ. ಎರಡೂ ಕಡೆ ಬೆಳೆ ಅದೇ, ಕಡಿಯುವ ಕೊಯ್ತಾ ಅದೇ. ಸೋಮಾರಿತನ ಗಡಿ ದಾಟಿದ ಕೂಡಲೇ ಮಾಯವಾಗುತ್ತದೆಯೇ? ಊರಿನವನಿಗೆ ಸಂಜೆ ಮನೆಗೆ ಹೋಗುವ ದಾರಿ ಇರುತ್ತದೆ, ಕೂಲಿ ಸಾಲದಿದ್ದರೆ ನಾಳೆ ಬರುವುದಿಲ್ಲ ಎನ್ನುವ ಧೈರ್ಯವಿರುತ್ತದೆ. ಗಾಡಿ ಬಂದಾಗ ನಡುರಾತ್ರಿ ಎಬ್ಬಿಸಬಹುದಾದದ್ದು ಹೊಲದ ಬದುವಿನಲ್ಲೇ ಜೋಪಡಿ ಹಾಕಿಕೊಂಡವನನ್ನು ಮಾತ್ರ.

2. ‘ತಾವಾಗಿಯೇ ಬರುತ್ತಾರೆ, ಅಡ್ವಾನ್ಸ್ ಅವರೇ ಕೇಳುತ್ತಾರೆ’

ಕೇಳುತ್ತಾರೆ, ನಿಜ. ಮಳೆಗಾಲದಲ್ಲಿ ಮನೆಯಲ್ಲಿ ಕಾಳಿಲ್ಲದಾಗ, ಮಗಳ ಮದುವೆ ಬಂದಾಗ ಆಳು ಒದಗಿಸುವ ಗುತ್ತಿಗೆದಾರ, ಅಂದರೆ ಮುಕಾದಮ, ಬಾಗಿಲಿಗೆ ಬಂದರೆ ಯಾರೂ ಬೇಡ ಎನ್ನುವುದಿಲ್ಲ. ಆದರೆ ಆ ದುಡ್ಡು ಮುಟ್ಟಿದ ದಿನವೇ ದರ, ಜಾಗ, ಹೊತ್ತು ಮೂರರ ಮೇಲೂ ಕೂಲಿಯವನ ಮಾತು ಹೋಯಿತು. ನಮ್ಮ ಕಾನೂನೇ ಇದನ್ನು ಗುರುತಿಸಿದೆ. ಮುಂಗಡಕ್ಕೆ ಪ್ರತಿಯಾಗಿ ಬೇರೆಡೆ ದುಡಿಯುವ ಇಲ್ಲವೇ ಹೋಗುವ ಸ್ವಾತಂತ್ರ್ಯ ಕಳೆದುಕೊಂಡರೆ ಅದು 1976ರ ಜೀತ ನಿರ್ಮೂಲನ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. 1982ರಲ್ಲಿ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ, ಹಸಿವು ಮತ್ತು ಬಡತನದ ಒತ್ತಾಯವೂ ಬಲವಂತವೇ. ಒಪ್ಪಿ ಬಂದರು ಎಂಬ ವಾದಕ್ಕೆ ಉತ್ತರ ನಾಲ್ಕು ದಶಕದ ಹಿಂದೆಯೇ ಸಿಕ್ಕಿದೆ.

3. ‘ಟನ್ ಲೆಕ್ಕ, ದುಡಿದಷ್ಟು ದುಡ್ಡು’

ಟನ್ನಿನ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕೂಲಿಯ ಲೆಕ್ಕದಲ್ಲಿ ಒಂದು ಕೊಯ್ತಾ ಎಂದರೆ ಒಬ್ಬ ಆಳಲ್ಲ, ಗಂಡ ಹೆಂಡತಿಯ ಜೋಡಿ. ಗಂಡ ನೆಲಕ್ಕೆ ಬಗ್ಗಿ ಬುಡಕ್ಕೆ ಕಡಿಯುತ್ತಾನೆ, ರವದಿ ಸುಲಿಯಬೇಕು, ಸೋಗೆ ಸವರಬೇಕು. ಹೆಂಡತಿ ಕಟ್ಟು ಕಟ್ಟುತ್ತಾಳೆ, ತಲೆಯ ಮೇಲೆ ಹೊತ್ತು ಹಲಗೆ ಏರಿ ಟ್ರಾಲಿಗೆ ಹಾಕುತ್ತಾಳೆ. ದರವನ್ನು ಎರಡರಿಂದ ಭಾಗಿಸಿದ ಮೇಲೆ ಉಳಿದದ್ದು ಒಬ್ಬರ ಕೂಲಿ. ಗಾಡಿಗಾಗಿ ಕಾದ ಹೊತ್ತಿಗೆ ದುಡ್ಡಿಲ್ಲ. ತೂಕ ಆಗುವುದು ಕಾರ್ಖಾನೆಯ ಕಾಟಾದಲ್ಲಿ, ಕಡಿದವರು ಅಲ್ಲಿರುವುದಿಲ್ಲ. ಅಡ್ವಾನ್ಸ್ ಮುರಿದುಕೊಂಡು ಪೂರ್ತಿ ಲೆಕ್ಕ ಚುಕ್ತಾ ಆಗುವುದು ಹಂಗಾಮಿನ ಕೊನೆಗೆ.

ಇನ್ನು ರಜೆ. ಮಹಾರಾಷ್ಟ್ರದ ಗ್ಯಾಂಗುಗಳಲ್ಲಿ ಒಂದು ದಿನ ತಪ್ಪಿಸಿದರೆ ‘ಖಾಡಾ’ ಎಂಬ ದಂಡ ಬೀಳುತ್ತದೆ. ಮುಟ್ಟಿನ ನೋವಿಗೂ ವಿನಾಯಿತಿ ಇಲ್ಲ. 2019ರಲ್ಲಿ ಬೀಡ್ ಜಿಲ್ಲೆಯಲ್ಲಿ ಸರಕಾರಿ ಸಮಿತಿ ಕಬ್ಬು ಕಡಿಯುವ 82 ಸಾವಿರಕ್ಕೂ ಹೆಚ್ಚು ಮಹಿಳೆಯರ ಸಮೀಕ್ಷೆ ನಡೆಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ತೆಗೆಸಿದ್ದು ಕಂಡಿತು. ದುಡಿದಷ್ಟು ದುಡ್ಡು ಎನ್ನುವವರು ಈ ಸಂಖ್ಯೆಯನ್ನು ಯಾವ ಖಾತೆಗೆ ಬರೆಯುತ್ತಾರೆ?

4. ‘ಹೊಣೆ ಮುಕಾದಮನದು, ಕಾರ್ಖಾನೆಯದಲ್ಲ’

ಯಾವ ಹೊಲ ಯಾವತ್ತು ಕಡಿಯಬೇಕು ಎಂದು ಹೇಳುವುದು ಕಾರ್ಖಾನೆ. ಗಾಡಿ ಕಳಿಸುವುದು, ತೂಕ ಮಾಡುವುದು, ಮುಕಾದಮನ ಕೈಗೆ ಅಡ್ವಾನ್ಸಿನ ಹಣ ಕೊಡುವುದು ಕಾರ್ಖಾನೆ. ಹೊಣೆ ಎಂದ ಕೂಡಲೇ ಮಾತ್ರ ಮುಕಾದಮ ಮುಂದೆ ಬರುತ್ತಾನೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಈ ಆಟವನ್ನು ಮೊದಲೇ ಊಹಿಸಿತ್ತು: ಗುತ್ತಿಗೆದಾರ ಕೂಲಿ ಕೊಡದಿದ್ದರೆ, ವಸತಿ, ಔಷಧಿ ಒದಗಿಸದಿದ್ದರೆ ಮೂಲ ಮಾಲೀಕನೇ ಕೊಡಬೇಕು. ಆ ಕಾಯ್ದೆ ಐದು ಮಂದಿ ಇದ್ದರೂ ಅನ್ವಯಿಸುತ್ತಿತ್ತು. ಅದರ ಜಾಗಕ್ಕೆ ತಂದ 2020ರ ಕಾರ್ಮಿಕ ಸಂಹಿತೆ ಆ ಮಿತಿಯನ್ನು ಹತ್ತಕ್ಕೆ ಏರಿಸಿತು. ಹಾಗೆಂದು ಒಂದೊಂದು ಗ್ಯಾಂಗಿನ ತಲೆ ಎಣಿಸಿ ಜಾರಿಕೊಳ್ಳುವಂತಿಲ್ಲ, ಲೆಕ್ಕ ಇಡೀ ಕಾರ್ಖಾನೆಯದು.

5. ‘ಎರಡು ಹಳ್ಳಿ ನೋಡಿದ ಪರದೇಶಿ’

ಚಿಖ್ಲಿಗಾಮ್, ಗಂಡೇವಿಗಾಮ್ ಎಂದು ಬದಲಿ ಹೆಸರಿಟ್ಟ ಎರಡು ಊರುಗಳಿಂದ ಬ್ರೆಮನ್ ಶುರು ಮಾಡಿದ್ದು ಹೌದು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಐದು ದಶಕ ಅದೇ ಸೀಮೆಗೆ ಮರಳಿದರು, ಕೂಲಿಗಳು ಹೋದಲ್ಲಿಗೆ ತಾವೂ ಹೋದರು. ಸರ್ವೆಯ ಅಂಕಿಅಂಶ ಎಲ್ಲಿ ಎಂದು ಕೇಳುವವರು ಸರ್ವೆ ಏನನ್ನು ಹಿಡಿಯುತ್ತದೆ ಎಂಬುದನ್ನೂ ನೋಡಬೇಕು. 2007–08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಅಲ್ಪಾವಧಿ ವಲಸಿಗ ಎಂದರೆ ಒಂದು ತಿಂಗಳಿಂದ ಆರು ತಿಂಗಳೊಳಗೆ ಹೊರಗಿದ್ದವನು. ಆರು ತಿಂಗಳು ಒಂದೇ ಕಡೆ ಇದ್ದರೆ ಅದೇ ಅವನ ವಾಸದ ಊರು. ಆರೂವರೆ ತಿಂಗಳು ಮೂರು ಊರು ಸುತ್ತಿ ಕಬ್ಬು ಕಡಿದವನು ಈ ಎರಡರಲ್ಲೂ ಸೇರುವುದಿಲ್ಲ. 1991ರ ರಾಷ್ಟ್ರೀಯ ಗ್ರಾಮೀಣ ಕಾರ್ಮಿಕ ಆಯೋಗವೇ ಇಂಥ ಹಂಗಾಮಿ ವಲಸಿಗರು ಒಂದು ಕೋಟಿಗೂ ಹೆಚ್ಚು ಎಂದು ಅಂದಾಜಿಸಿತ್ತು. ಪರದೇಶಿಯ ಕಣ್ಣಿಗೆ ಬಿದ್ದವರು ನಮ್ಮ ನಮೂನೆಗಳ ಕಣ್ಣಿಗೆ ಬೀಳದೇ ಹೋದರೆ ತಪ್ಪು ಪರದೇಶಿಯದೇ?

6. ‘ವಲಸೆ ಬಿಡುಗಡೆಯೂ ಹೌದು’

ಇದು ಗಟ್ಟಿಯಾದ ಆಕ್ಷೇಪ. ಜಾರ್ಖಂಡ್‌ನಿಂದ ಇಟ್ಟಿಗೆ ಭಟ್ಟಿಗೆ ಹೋಗುವ ಯುವಜನರಿಗೆ ಅದು ಊರ ಕಟ್ಟುಪಾಡಿನಿಂದ, ಹಿರಿಯರ ಕಣ್ಗಾವಲಿನಿಂದ ತಪ್ಪಿಸಿಕೊಳ್ಳುವ ಜಾಗವೂ ಆಗಿದೆ ಎಂದು ಮಾನವಶಾಸ್ತ್ರಜ್ಞೆ ಆಲ್ಪಾ ಶಾ 2006ರಲ್ಲಿ ತೋರಿಸಿದರು. ಒಪ್ಪುತ್ತೇನೆ. ಗೌಡರ ಮನೆಯ ಜೀತ ಬಿಟ್ಟು ಹೊರಟವನಿಗೆ ಪರ ಊರಿನ ಕಷ್ಟವೂ ಹಗುರ ಅನ್ನಿಸಬಹುದು. ಆದರೆ ಒಂದು ನೊಗ ಇಳಿಸಿದ ಮಾತ್ರಕ್ಕೆ ಇನ್ನೊಂದು ನೊಗ ನ್ಯಾಯವಾಗುವುದಿಲ್ಲ. ಊರು ಬಿಟ್ಟ ಖುಷಿಯನ್ನು ಕೂಲಿಯ ಬಾಕಿಗೆ ವಜಾ ಹಾಕುವಂತಿಲ್ಲ.

ಬೆಳೆಗಾರರ ಸಂಕಟವನ್ನೂ ಮರೆಯಬಾರದು. ಅಡ್ವಾನ್ಸ್ ತಿಂದು ಬಾರದ ಗ್ಯಾಂಗ್, ಹೊಲಕ್ಕೆ ಬಂದ ಮೇಲೆ ಹೆಚ್ಚುವರಿ ದುಡ್ಡು ಕೇಳುವವರು, ಬಿಲ್ಲು ತಡ ಮಾಡುವ ಕಾರ್ಖಾನೆ, ಇವೆಲ್ಲ ಸುಳ್ಳಲ್ಲ. ಆದರೆ ಕಟಾವಿನ ಲೆಕ್ಕವನ್ನೆಲ್ಲ ಮುಕಾದಮನ ಜೇಬಿನಲ್ಲಿ ಬಿಟ್ಟಿರುವುದರಿಂದಲೇ ಬೆಳೆಗಾರನೂ ಕೂಲಿಯೂ ಅವನ ಮುಂದೆ ಕೈಕಟ್ಟಿ ನಿಲ್ಲುವಂತಾಗಿದೆ.

ಬ್ರೆಮನ್ ತಪ್ಪು ಎಂದು ಸಾಧಿಸಲು ಲೇಖನ ಬೇಕಿಲ್ಲ, ರಿಜಿಸ್ಟರು ಸಾಕು. ಒಂದೇ ಒಂದು ಹಂಗಾಮಿನದು ತೆರೆದಿಡಲಿ: ಕಡಿದವರ ಹೆಸರು ಗಂಡನದೂ ಹೆಂಡತಿಯದೂ ಬೇರೆ ಬೇರೆಯಾಗಿ, ತೂಕದ ಚೀಟಿ ಅವರ ಕೈಗೆ, ಕೂಲಿ ಅವರವರ ಖಾತೆಗೆ, ಮುರಿದುಕೊಂಡ ಮುಂಗಡಕ್ಕೆ ರಸೀದಿ. ಅದು ಸರಿಯಿದ್ದರೆ ಬ್ರೆಮನ್ ಪುಸ್ತಕಗಳನ್ನು ನಾವೇ ಮಡಿಚಿಡೋಣ.