ಹಿಮೋಗ್ಲೋಬಿನ್ ಏರಿತು, ಕಬ್ಬಿಣದ ಲೆಕ್ಕ ಉಳಿಯಿತು

ಬಂಕಾಪುರದಲ್ಲಾಗಲಿ ಹಾನಗಲ್ಲಿನಲ್ಲಾಗಲಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯವರು ಕೇಳುವ ಮೊದಲ ಮಾತು ‘ರಕ್ತ ಎಷ್ಟ್ ಐತ್ರಿ?’ ಉತ್ತರ ಹಿಮೋಗ್ಲೋಬಿನ್‌ನ ಒಂದು ಅಂಕಿ. ನಾಲ್ಕು ದಶಕಗಳ ಚಿಕಿತ್ಸೆ ಕಲಿಸಿದ್ದು ಮಾತ್ರ, ಆ ಒಂದು ಅಂಕಿ ಸಾಲದು ಎಂದು.

ಕೆಂಪು ರಕ್ತಕಣ ಹುಟ್ಟಲು ಬೇಕಾದ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನ್ ಬಹುಪಾಲು ಮೂತ್ರಪಿಂಡದಲ್ಲೇ ತಯಾರಾಗುತ್ತದೆ. ಮೂತ್ರಪಿಂಡ ಸೋತರೆ ಪದೇಪದೇ ರಕ್ತ ಏರಿಸುವುದೇ ಹಿಂದೆ ಮುಖ್ಯ ದಾರಿಯಾಗಿತ್ತು. 1989ರಲ್ಲಿ ಅಮೆರಿಕ ಕೃತಕ ಎರಿತ್ರೊಪೊಯೆಟಿನ್‌ಗೆ ಒಪ್ಪಿಗೆ ಕೊಟ್ಟ ಮೇಲೆ ಚಿತ್ರ ಬದಲಾಯಿತು. ಆಗ ಎದ್ದು ಕಂಡದ್ದು ಕಬ್ಬಿಣದ ಕೊರತೆ. ಪ್ರತಿ ಡಯಾಲಿಸಿಸ್‌ನಲ್ಲೂ ನಳಿಕೆ, ಫಿಲ್ಟರ್‌ಗಳಲ್ಲಿ ಉಳಿಯುವ ರಕ್ತದ ಜೊತೆ ವರ್ಷಕ್ಕೆ ಒಂದು ಗ್ರಾಂಗೂ ಮಿಕ್ಕಿ ಕಬ್ಬಿಣ ಹೋಗಬಹುದು. ಉರಿಯೂತವಿದ್ದಾಗ ಹೆಪ್ಸಿಡಿನ್ ಎಂಬ ಹಾರ್ಮೋನ್ ಹೆಚ್ಚಿ, ಕರುಳು ಮಾತ್ರೆಯ ಕಬ್ಬಿಣವನ್ನು ಸರಿಯಾಗಿ ಹೀರುವುದಿಲ್ಲ. ಹಾಗಾಗಿ ರಕ್ತನಾಳಕ್ಕೆ ಕೊಡುವ ಐರನ್ ಸುಕ್ರೋಸ್ ಬಳಕೆಗೆ ಬಂತು.

ಅದರ ಪರಿಣಾಮ ಮೊದಲು ಕಾಣುವುದು ಎಳೆಯ ರಕ್ತಕಣಗಳಲ್ಲಿ. ರೆಟಿಕ್ಯುಲೊಸೈಟ್ ಎಂಬ ಈ ಎಳೆಯ ಕಣ ರಕ್ತದಲ್ಲಿ ಒಂದೆರಡು ದಿನದಲ್ಲೇ ಬಲಿಯುತ್ತದೆ. ಅದರೊಳಗಿನ ಹಿಮೋಗ್ಲೋಬಿನ್ ಅಳೆದರೆ ಕಬ್ಬಿಣ ತಲುಪಿತೋ ಇಲ್ಲವೋ ಕೆಲವೇ ದಿನಗಳಲ್ಲಿ ತಿಳಿಯುತ್ತದೆ. ಒಟ್ಟು ಹಿಮೋಗ್ಲೋಬಿನ್ ಏರಲು ವಾರಗಳೇ ಬೇಕು. ಕೊರತೆಯಿಂದ ಹೆಚ್ಚಿದ್ದ ಪ್ಲೇಟ್‌ಲೆಟ್ ಸಂಖ್ಯೆಯೂ ಕಬ್ಬಿಣ ಸಿಕ್ಕ ಮೇಲೆ ಇಳಿಯುತ್ತದೆ. ಕಬ್ಬಿಣದ ದಾಸ್ತಾನು ತೋರುವ ಫೆರಿಟಿನ್ ಒಂದನ್ನೇ ನಂಬಿದರೂ ಮೋಸ: ಹಗೇವಿನ ತುಂಬ ಜೋಳವಿದ್ದರೂ ಬಾಯಿ ತೆರೆಯದಿದ್ದರೆ ರೊಟ್ಟಿಯಾಗದು. ಫೆರಿಟಿನ್ ಹೆಚ್ಚಿದ್ದೂ, ರಕ್ತದಲ್ಲಿ ಸಾಗುವ ಕಬ್ಬಿಣವನ್ನು ತೋರುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಶೇ 20ಕ್ಕಿಂತ ಕೆಳಗಿರುವವರ ಸ್ಥಿತಿ ಅದೇ.

ಕಬ್ಬಿಣ ಹೆಚ್ಚಾದರೆ ಬಿಳಿ ರಕ್ತಕಣಗಳು ಮಂಕಾಗಿ ಸೋಂಕು ತಗಲುತ್ತದೆಂಬ ಅಂಜಿಕೆ ಬಹುಕಾಲ ವೈದ್ಯರ ಕೈ ಕಟ್ಟಿತ್ತು. ಬ್ರಿಟನ್ನಿನ 2,141 ರೋಗಿಗಳ ಮೇಲೆ ನಡೆದ ಪಿವೋಟಲ್ ಅಧ್ಯಯನ 2019ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಫೆರಿಟಿನ್ 700 ದಾಟದಂತೆ, ಸ್ಯಾಚುರೇಷನ್ ಶೇ 40 ಮುಟ್ಟದಂತೆ ನೋಡಿಕೊಂಡು ತಿಂಗಳಿಗೆ 400 ಮಿಲಿಗ್ರಾಂ ಕಬ್ಬಿಣ ಕೊಟ್ಟಾಗ ಸೋಂಕು ಹೆಚ್ಚಲಿಲ್ಲ. ರಕ್ತ ಏರಿಸುವ ಅಗತ್ಯವೂ ಎರಿತ್ರೊಪೊಯೆಟಿನ್ ಪ್ರಮಾಣವೂ ತಗ್ಗಿದವು. ಧೈರ್ಯ ಬಂದದ್ದು ಅಳತೆಯಿಂದ. ಮೈಯಲ್ಲಿ ಸೋಂಕು ಇರುವಾಗ ಕಬ್ಬಿಣ ಕೊಡಬಾರದೆಂಬ ಎಚ್ಚರ ಇಂದಿಗೂ ಸರಿ.

2016ರ ಕೇಂದ್ರ ಬಜೆಟ್ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಸಾರಿತು. ಯಂತ್ರಗಳು ತಾಲ್ಲೂಕು ಆಸ್ಪತ್ರೆಗಳಿಗೂ ಬಂದವು. ಅದು ದೊಡ್ಡ ಗಳಿಕೆ. ಆದರೆ ಆಗಿರುವ ಡಯಾಲಿಸಿಸ್‌ಗಳನ್ನು ಎಣಿಸಿದ ಮಾತ್ರಕ್ಕೆ ಸಾಧನೆ ಪೂರ್ತಿಯಾಗದು. ಮೂರು ತಿಂಗಳಿಗೊಮ್ಮೆ ಫೆರಿಟಿನ್, ಸ್ಯಾಚುರೇಷನ್ ಪರೀಕ್ಷೆ ಉಚಿತ ಸೇವೆಯ ಭಾಗವಾಗಿ ನಡೆಯಬೇಕು, ಫಲಿತಾಂಶ ರೋಗಿಯ ಚೀಟಿಯಲ್ಲಿ ಬರೆದಿರಬೇಕು. ಅಳೆಯದೆ ಕೊಟ್ಟ ಕಬ್ಬಿಣ, ಅಳೆಯದೆ ತಡೆದ ಕಬ್ಬಿಣ ಎರಡರ ದಂಡವನ್ನೂ ತೆರುವವನು ರೋಗಿಯೇ.