ಹರಿಹರದ ಬಿಸಿಲಿಗೆ ಬಂದ ಬುಲ್‌ಡಾಗ್ ಮರಿ

ನಮ್ಮ ಸೀಮೆಯಲ್ಲಿ ಮನುಷ್ಯನಿಗೂ ನಾಯಿಗೂ ಇದ್ದದ್ದು ಬಹುಕಾಲ ಸರಳವಾದ ನಂಟು. ಮನೆಯವರು ಉಂಡು ಉಳಿದ ರೊಟ್ಟಿ, ಅನ್ನ ತಿಂದು, ಬಾಗಿಲಲ್ಲಿ ಮಲಗಿ, ಹೊಸಬರನ್ನು ಕಂಡರೆ ಬೊಗಳುತ್ತಿದ್ದ ಜೀವ ಅದು. ಹರಿಹರದಿಂದ ತುಂಗಭದ್ರೆಯ ಹರಿವಿನ ಜೊತೆ ಕೆಳಗೆ ಸಾಗಿದರೆ ಸಿಗುವ ಮೈಲಾರದಲ್ಲಿ ನಾಯಿ ದೇವರ ಸಂಗಾತಿ. ಬೆನ್ನು ಹತ್ತಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆ ಎಂದ ಧರ್ಮರಾಯನ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಇಂದು ಹರಿಹರ, ದಾವಣಗೆರೆಯಂಥ ಊರುಗಳ ಬಡಾವಣೆಗಳಲ್ಲೂ ನಾಯಿ ಹಣ ಕೊಟ್ಟು ಕೊಳ್ಳುವ ವಸ್ತುವಾಗಿದೆ. ಪೊಮೇರಿಯನ್ ಕಾಲ ಹಿಂದೆ ಸರಿಯಿತು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ನಡೆದ ಪಗ್ ಇಡೀ ದೇಶದ ಮಧ್ಯಮ ವರ್ಗದ ಮನಸ್ಸು ಗೆದ್ದಿತು. ಅದೇ ಜಾಡಿನಲ್ಲಿ ಬಂದಿರುವುದು ಬುಲ್‌ಡಾಗ್. ಚಪ್ಪಟೆ ಮೂತಿ, ಜೋಲು ಕೆನ್ನೆ, ನೆರಿಗೆಗಟ್ಟಿದ ಹಣೆಯ ಈ ಮರಿಗೆ ಹತ್ತಾರು ಸಾವಿರ ರೂಪಾಯಿ ತೆರಲು ಜನ ಸಿದ್ಧರಿದ್ದಾರೆ.

ಮರಿ ಮನೆಗೆ ಬಂದ ಮೊದಲ ವಾರದಲ್ಲೇ ಆತಂಕಗಳೂ ಬರುತ್ತವೆ. ರಾತ್ರಿಯೆಲ್ಲ ಕುಂಯ್‌ಗುಡುತ್ತದೆ, ತಿಂದದ್ದನ್ನು ಕಕ್ಕುತ್ತದೆ, ಭೇದಿಯಾಗುತ್ತದೆ, ಕಣ್ಣಿನ ಮೂಲೆಯಲ್ಲಿ ಕೆಂಪು ಗಂಟು ಕಾಣಿಸಿಕೊಳ್ಳುತ್ತದೆ, ಮುಖದ ನೆರಿಗೆಗಳ ನಡುವೆ ಚರ್ಮ ಕೆಂಪಾಗಿ ದುರ್ವಾಸನೆ ಬರುತ್ತದೆ. ಇವಕ್ಕೆಲ್ಲ ಮನೆಯವರು ಪಶುವೈದ್ಯರ ಬಳಿಗೆ ಓಡುತ್ತಾರೆ. ಆದರೆ ಎಲ್ಲಕ್ಕಿಂತ ಗಂಭೀರವಾದ ಲಕ್ಷಣವನ್ನು ಕಂಡು ನಗುತ್ತಾರೆ. ಅದು ಮರಿಯ ಗೊರಕೆ. ಅಜ್ಜನಂತೆ ಗೊರಕೆ ಹೊಡೆಯುತ್ತದೆ ಎಂದು ನೆಂಟರಿಷ್ಟರಿಗೆ ತೋರಿಸುತ್ತಾರೆ. ಇದು ನಮ್ಮವರಿಗಷ್ಟೇ ಸೀಮಿತವಾದ ಭ್ರಮೆಯೂ ಅಲ್ಲ. ಬ್ರಿಟನ್ನಿನಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಉಸಿರಾಟದ ತೊಂದರೆಯ ಸ್ಪಷ್ಟ ಲಕ್ಷಣಗಳಿದ್ದ ನಾಯಿಗಳ ಒಡೆಯರಲ್ಲಿ ಶೇ 58ರಷ್ಟು ಮಂದಿ ತಮ್ಮ ನಾಯಿಗೆ ಅಂಥ ತೊಂದರೆಯೇ ಇಲ್ಲವೆಂದು ನಂಬಿದ್ದರು. ಆ ತಳಿಯ ಸ್ವಭಾವವೇ ಹಾಗೆ ಎಂಬುದು ಅವರ ಸಮಾಧಾನ.

ಸ್ವಭಾವವೆಂದು ನಾವು ಕರೆಯುವುದು ವಾಸ್ತವವಾಗಿ ದೇಹರಚನೆಯ ದೋಷ. ಬುಲ್‌ಡಾಗ್‌ನ ತಲೆಬುರುಡೆಯನ್ನು ತಲೆಮಾರುಗಳ ಆಯ್ಕೆಯಿಂದ ಗಿಡ್ಡಗೊಳಿಸಲಾಗಿದೆ. ಮೂಳೆ ಗಿಡ್ಡವಾಯಿತು, ಒಳಗಿನ ಮಾಂಸಲ ಭಾಗಗಳು ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಹೀಗಾಗಿ ಮೂಗಿನ ಹೊಳ್ಳೆಗಳು ಗೆರೆಯಷ್ಟು ಕಿರಿದಾಗಿವೆ, ಮೃದು ಅಂಗುಳ ಉದ್ದವಾಗಿ ಗಂಟಲಿನೊಳಗೆ ಇಳಿದಿದೆ, ಎಷ್ಟೋ ನಾಯಿಗಳಲ್ಲಿ ಶ್ವಾಸನಾಳವೂ ಸಪೂರವಾಗಿದೆ. ಮುರಿದ ಕೊಳವೆಯಲ್ಲಿ ಗಾಳಿ ಎಳೆದಂತೆ ಅದು ಪ್ರತಿ ಉಸಿರಿಗೂ ಹೆಣಗುತ್ತದೆ. ನಾವು ಕೇಳುವ ಸದ್ದು ಆ ಹೆಣಗಾಟದ್ದು.

ಇದು ಪ್ರಕೃತಿ ಕೊಟ್ಟ ಶಾಪವಲ್ಲ. ಇಂಗ್ಲೆಂಡಿನಲ್ಲಿ ಗೂಳಿಗಳ ಮೇಲೆ ನಾಯಿಗಳನ್ನು ಛೂಬಿಡುವ ಕ್ರೂರ ಪಂದ್ಯಗಳಿಗಾಗಿ ಬೆಳೆಸಿದ ತಳಿ ಇದು. 1835ರ ಕಾಯ್ದೆ ಆ ಪಂದ್ಯಗಳನ್ನು ನಿಷೇಧಿಸಿತು. ಕೆಲಸ ಕಳೆದುಕೊಂಡ ನಾಯಿ ಪ್ರದರ್ಶನಗಳ ಅಂಗಳಕ್ಕೆ ಬಂತು. ಅಲ್ಲಿ ಮೂತಿ ಚಪ್ಪಟೆಯಾದಷ್ಟೂ, ತಲೆ ದಪ್ಪಗಾದಷ್ಟೂ ಬಹುಮಾನ. ಪರಿಣಾಮವಾಗಿ ಇಂದು ಹೆಚ್ಚಿನ ಬುಲ್‌ಡಾಗ್‌ಗಳು ಸಿಸೇರಿಯನ್ ಇಲ್ಲದೆ ಹೆರಲಾರವು. ದೊಡ್ಡ ತಲೆಯ ಮರಿ ತಾಯಿಯ ಕಿರಿದಾದ ಸೊಂಟವನ್ನು ದಾಟಿ ಹೊರಬರಲಾರದು. 2008ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಸಾಕ್ಷ್ಯಚಿತ್ರ ಜಾತಿನಾಯಿಗಳ ಈ ದುಃಸ್ಥಿತಿಯನ್ನು ಬಯಲಿಗೆಳೆದ ಮೇಲೆ, ಬ್ರಿಟನ್ನಿನ ಕೆನಲ್ ಕ್ಲಬ್ 2009ರಲ್ಲಿ ಬುಲ್‌ಡಾಗ್‌ನ ಮಾನದಂಡವನ್ನೇ ತಿದ್ದಬೇಕಾಯಿತು. ಆದರೂ ಅಲ್ಲಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2022ರಲ್ಲಿ ಲೆಕ್ಕ ಹಾಕಿದಾಗ, ನಾಯಿಗಳ ಸರಾಸರಿ ಆಯುಷ್ಯ 11.2 ವರ್ಷವಿದ್ದರೆ ಇಂಗ್ಲಿಷ್ ಬುಲ್‌ಡಾಗ್‌ನದು 7.4 ವರ್ಷ, ಫ್ರೆಂಚ್ ಬುಲ್‌ಡಾಗ್‌ನದು 4.5 ವರ್ಷ ಎಂದು ಕಂಡುಬಂತು.

ಹರಿಹರದ ಓದುಗರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮನುಷ್ಯನಂತೆ ನಾಯಿಗೆ ಮೈತುಂಬ ಬೆವರು ಸುರಿಯುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟು, ಬಾಯಿ–ಮೂಗಿನ ತೇವವನ್ನು ಆವಿಯಾಗಿಸಿಯೇ ಅದು ದೇಹದ ಶಾಖವನ್ನು ಹೊರಹಾಕಬೇಕು. ಗಾಳಿಯ ದಾರಿಯೇ ಮುಚ್ಚಿಕೊಂಡಿರುವ ಬುಲ್‌ಡಾಗ್‌ಗೆ ಈ ಉಪಾಯವೂ ಮುರಿದಿದೆ. ಏದುಸಿರು ಬಿಟ್ಟಷ್ಟೂ ಗಂಟಲು ಊದಿಕೊಳ್ಳುತ್ತದೆ; ಗಂಟಲು ಊದಿದಷ್ಟೂ ಉಸಿರು ಕಟ್ಟುತ್ತದೆ. ಬ್ರಿಟನ್ನಿನಲ್ಲೇ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲ್ಯಾಬ್ರಡಾರ್‌ಗೆ ಹೋಲಿಸಿದರೆ ಬುಲ್‌ಡಾಗ್‌ಗೆ ಶಾಖಾಘಾತವಾಗುವ ಸಂಭವ ಸುಮಾರು 14 ಪಟ್ಟು ಹೆಚ್ಚೆಂದು ಕಂಡುಬಂದಿದೆ. ಇದು ಬೇಸಿಗೆಯಲ್ಲೂ ಸ್ವೆಟರ್ ತೊಡುವ ದೇಶದ ಲೆಕ್ಕ. ಏಪ್ರಿಲ್–ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿಯ ಹತ್ತಿರಕ್ಕೆ ಏರುವ, ಆರ್‌ಸಿಸಿ ಮನೆಯ ಗೋಡೆಗಳು ನಡುರಾತ್ರಿಯವರೆಗೂ ಕಾವು ಬಿಡುವ ಮಧ್ಯ ಕರ್ನಾಟಕದಲ್ಲಿ ಈ ಮರಿಯ ಪಾಡೇನು?

ಬುಲ್‌ಡಾಗ್ ಪ್ರಿಯರ ವಾದವನ್ನು ತಳ್ಳಿಹಾಕುವಂತಿಲ್ಲ. ಈ ನಾಯಿ ಸೌಮ್ಯ ಸ್ವಭಾವದ್ದು, ಮಕ್ಕಳೊಡನೆ ಹೊಂದಿಕೊಳ್ಳುತ್ತದೆ, ಹೆಚ್ಚು ಓಡಾಟ ಬೇಡುವುದಿಲ್ಲ ಎಂಬುದು ನಿಜ. ಏರ್ ಕಂಡೀಷನರ್ ಹಾಕಿಸಿದರಾಯಿತು ಎನ್ನುವವರೂ ಇದ್ದಾರೆ. ಆದರೆ ಬೇಸಿಗೆಯ ಮಧ್ಯಾಹ್ನ ವಿದ್ಯುತ್ ಕೈಕೊಟ್ಟ ಎರಡು ಗಂಟೆ ಸಾಕು, ಪ್ರಾಣಕ್ಕೆ ಸಂಚಕಾರ ಬರಲು. ವರ್ಷದ ಮೂರ್ನಾಲ್ಕು ತಿಂಗಳು ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಮಾತ್ರ ಬದುಕಬಲ್ಲ ಪ್ರಾಣಿಯನ್ನು ಸಾಕುವುದು ಪ್ರೀತಿಯೋ, ಸ್ವಂತದ ಖುಷಿಯೋ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬರೂ ತಮಗೆ ತಾವೇ ಕೇಳಿಕೊಳ್ಳಬೇಕು.

ಈಗಾಗಲೇ ಮರಿಯನ್ನು ತಂದವರ ವಿಷಯ ಬೇರೆ. ಅವರನ್ನು ದೂಷಿಸಿ ಪ್ರಯೋಜನವಿಲ್ಲ. ಕಾಯಿಲೆಯ ಖರ್ಚಿಗೆ ಬೇಸತ್ತು ಮರಿಯನ್ನು ಬೀದಿಗೆ ಬಿಡುವುದಂತೂ ಕೊಲೆಗೆ ಸಮ. ಅವರು ಮಾಡಬೇಕಾದ ಕೆಲಸ ಸಾಕಷ್ಟಿದೆ. ತಾಯಿಯಿಂದ ಅಗಲಿದ ಮರಿ ಮೊದಲ ಕೆಲವು ರಾತ್ರಿ ಅಳುವುದು ಸಹಜ. ಅದನ್ನು ಹಿತ್ತಲಲ್ಲೋ ತಾರಸಿಯ ಮೇಲೋ ಒಂಟಿಯಾಗಿ ಕಟ್ಟದೆ, ಮನೆಯವರ ಉಸಿರು ಕೇಳಿಸುವಷ್ಟು ಹತ್ತಿರದಲ್ಲಿ ಮಲಗಿಸಬೇಕು. ಅದು ಮೊದಲು ತಿನ್ನುತ್ತಿದ್ದ ಆಹಾರವನ್ನು ಒಮ್ಮೆಗೇ ಬದಲಿಸದೆ, ವಾರ–ಹತ್ತು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹೊಸದಕ್ಕೆ ಒಗ್ಗಿಸಬೇಕು. ಹಾಲು–ಬ್ರೆಡ್ಡಿನ ಮೇಲೆ ಮರಿಯನ್ನು ಬೆಳೆಸುವ ನಮ್ಮ ರೂಢಿ ಭೇದಿಗೆ ದಾರಿ. ಆರರಿಂದ ಎಂಟು ವಾರದ ವಯಸ್ಸಿಗೆ ಆರಂಭವಾಗುವ ಪಾರ್ವೊ, ಡಿಸ್ಟೆಂಪರ್ ಲಸಿಕೆಗಳು ಹದಿನಾರು ವಾರ ತುಂಬುವವರೆಗೆ ಕಂತುಗಳಲ್ಲಿ ಬೀಳಬೇಕು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ನಡುನಡುವೆ ಜಂತುಹುಳುವಿನ ಔಷಧ. ಕಂತುಗಳು ಮುಗಿಯುವವರೆಗೆ ಬೀದಿಯ ಮಣ್ಣು ಮೂಸಲು ಬಿಡದಿರುವುದು ಕ್ಷೇಮ.

ಉಳಿದ ಎಚ್ಚರಗಳು ಈ ತಳಿಗೇ ವಿಶೇಷವಾದವು. ಮುಖದ, ಬಾಲದ ಬುಡದ ನೆರಿಗೆಗಳನ್ನು ದಿನವೂ ಒರೆಸಿ ಒಣಗಿಸಬೇಕು. ಕುತ್ತಿಗೆಗೆ ಪಟ್ಟಿ ಬಿಗಿಯುವ ಬದಲು ಎದೆಯ ಪಟ್ಟಿ ತೊಡಿಸಬೇಕು. ದಪ್ಪಗಿದ್ದರೆ ಚೆಂದ ಎಂಬ ಭಾವನೆ ಇಲ್ಲಿ ಮಾರಕ; ಮೈಮೇಲಿನ ಕೊಬ್ಬು ಉಸಿರಿನ ದಾರಿಯನ್ನು ಮತ್ತಷ್ಟು ಒತ್ತುತ್ತದೆ. ತಿರುಗಾಟ ಸೂರ್ಯೋದಯಕ್ಕೆ ಮುನ್ನ ಇಲ್ಲವೇ ರಸ್ತೆಯ ಕಾವು ಇಳಿದ ಮೇಲೆ. ಸೆಕೆಯೆಂದು ತುಂಗಭದ್ರೆಗೆ ಇಳಿಸುವ ಸಾಹಸ ಬೇಡ. ಭಾರವಾದ ತಲೆ, ಮೋಟು ಕಾಲುಗಳ ಬುಲ್‌ಡಾಗ್ ಈಜಲಾರದೆ ಮುಳುಗುತ್ತದೆ. ನಾಲಿಗೆ ಕಡುಗೆಂಪಾಗಿ ಅಥವಾ ನೀಲಿಗಟ್ಟಿ, ಜೊಲ್ಲು ಸುರಿಸುತ್ತ ತೂರಾಡತೊಡಗಿದರೆ ಅದು ಶಾಖಾಘಾತ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಹಾಕಿ ತಣಿಸಿದ ನಂತರವೇ ಆಸ್ಪತ್ರೆಗೆ ಒಯ್ಯಬೇಕು. ಗೊರಕೆ ಜೋರಾಗಿದ್ದರೆ ಹೊಳ್ಳೆ ಅಗಲಿಸುವ, ಅಂಗುಳ ಕತ್ತರಿಸಿ ಸರಿಪಡಿಸುವ ಶಸ್ತ್ರಚಿಕಿತ್ಸೆಗಳಿವೆ. ಅದಕ್ಕೆ ಪಳಗಿದ ಕೈ ಬೇಕು, ಅರಿವಳಿಕೆ ಕೊಡುವಲ್ಲಿ ವಿಶೇಷ ಎಚ್ಚರ ಬೇಕು. ಹರಿಹರದವರು ಇಂಥ ಸಲಹೆಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಹೆಬ್ಬಾಳಕ್ಕೋ ಪಯಣಿಸಬೇಕಾದೀತು. ಈ ಖರ್ಚು, ಈ ದೂರ ಮರಿಯ ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ.

ಎಲ್ಲ ಹೊಣೆಯನ್ನೂ ಕೊಂಡವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೇಂದ್ರ ಸರ್ಕಾರ 2017ರಲ್ಲೇ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳನ್ನು ಹೊರಡಿಸಿದೆ. ಅವುಗಳ ಪ್ರಕಾರ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ಹಾಕಿಸಕೂಡದು. ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು. ಪ್ರತಿ ಸೂಲಿಗೂ ಹೊಟ್ಟೆ ಕೊಯ್ಯಿಸಿಕೊಳ್ಳಬೇಕಾದ ಬುಲ್‌ಡಾಗ್ ತಾಯಿಯ ಪಾಲಿಗೆ ಈ ನಿಯಮಗಳು ಜೀವದ ಪ್ರಶ್ನೆ. ಆದರೆ ಮೊಬೈಲಿನಲ್ಲಿ ಚಿತ್ರ ನೋಡಿ ಹಣ ಕಳಿಸಿದರೆ, ಬುಟ್ಟಿಯಲ್ಲಿ ಮಲಗಿಸಿದ ಮರಿ ರಾತ್ರಿ ಬಸ್ಸಿನಲ್ಲಿ ಬಂದಿಳಿಯುವ ವ್ಯವಹಾರದಲ್ಲಿ ತಾಯಿಯ ಮುಖವನ್ನು ನೋಡಿದವರು ಯಾರು? ವಂಶಾವಳಿಯ ಪ್ರಮಾಣಪತ್ರವನ್ನೇ ಆರೋಗ್ಯದ ಖಾತರಿಯೆಂದು ತಿಳಿಯುವವರೂ ಇದ್ದಾರೆ. ಅಪ್ಪ–ಅಮ್ಮ ಯಾರೆಂದು ಆ ಕಾಗದ ಹೇಳುತ್ತದೆಯೇ ಹೊರತು, ಅವು ಸರಾಗವಾಗಿ ಉಸಿರಾಡುತ್ತಿದ್ದವೇ ಎಂದು ಹೇಳುವುದಿಲ್ಲ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ಬಗೆಯ ನಾಯಿಗಳನ್ನು ಅಪಾಯಕಾರಿ ಎಂದು ಹೆಸರಿಸಿ ನಿಷೇಧಕ್ಕೆ ಸುತ್ತೋಲೆ ಕಳಿಸಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆ ಚರ್ಚೆಯೆಲ್ಲ ಮನುಷ್ಯನನ್ನು ಕಚ್ಚುವ ನಾಯಿಗಳ ಸುತ್ತಲೇ ನಡೆಯಿತು. ತನ್ನ ದೇಹದಿಂದಲೇ ಹಿಂಸೆ ಅನುಭವಿಸುವ ನಾಯಿಯ ಬಗ್ಗೆ ನಮ್ಮಲ್ಲಿ ಅಂಥ ಕಾಳಜಿ ಕಾಣುವುದಿಲ್ಲ. ಇತರೆಡೆ ಗಾಳಿ ಬದಲಾಗುತ್ತಿದೆ. ನೆದರ್‌ಲೆಂಡ್ಸ್ 2019ರಲ್ಲಿ, ಮೂತಿಯ ಉದ್ದ ಕಪಾಲದ ಉದ್ದದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿರುವ ನಾಯಿಗಳಿಂದ ಮರಿ ಹಾಕಿಸುವುದಕ್ಕೆ ತಡೆ ಹಾಕಿತು. ನಾರ್ವೆಯಲ್ಲಿ ಬುಲ್‌ಡಾಗ್ ತಳಿ ಬೆಳೆಸುವುದೇ ಕಾನೂನುಬಾಹಿರವೆಂದು ಓಸ್ಲೋ ನ್ಯಾಯಾಲಯ 2022ರಲ್ಲಿ ತೀರ್ಪಿತ್ತಿತು. ಮೇಲ್ಮನವಿಯಲ್ಲಿ ಬುಲ್‌ಡಾಗ್ ಮಟ್ಟಿಗೆ ಆ ತೀರ್ಪು ನಿಲ್ಲಲಿಲ್ಲವಾದರೂ, ನಾಯಿಯ ನೋವು ನ್ಯಾಯಾಲಯದ ಕಟಕಟೆಗೆ ಬಂದದ್ದೇ ದೊಡ್ಡ ಮಾತು. ನೆರೆಯ ತಮಿಳುನಾಡು 2024ರಲ್ಲಿ ಪ್ರಕಟಿಸಿದ ನೀತಿಯಲ್ಲಿ ಪಗ್, ಫ್ರೆಂಚ್ ಬುಲ್‌ಡಾಗ್ ಮುಂತಾದ ತಳಿಗಳು ನಮ್ಮ ಹವೆಗೆ ಒಗ್ಗವೆಂದು ಹೇಳಿತು. ಅದೂ ನ್ಯಾಯಾಲಯದ ಮೆಟ್ಟಿಲೇರಿತು.

ನಿಷೇಧದ ಗದ್ದಲಕ್ಕೆ ಕಾಯದೆ ಇಲ್ಲೇ ಮಾಡಬಹುದಾದ ಕೆಲಸಗಳಿವೆ. ಜಿಲ್ಲೆಯಲ್ಲಿ ನೋಂದಾಯಿತ ತಳಿಗಾರರು ಯಾರೆಂಬ ಪಟ್ಟಿ ಪಶು ಆಸ್ಪತ್ರೆಗಳ ಸೂಚನಾ ಫಲಕದಲ್ಲಿ ತೂಗಲಿ. ನೋಂದಣಿಯಿಲ್ಲದೆ ಮರಿ ಮಾರುವವರ ಮೇಲೆ ಕ್ರಮ ಜರುಗಲಿ. ಲಸಿಕೆಗೆ ಬಂದ ಚಪ್ಪಟೆ ಮೂತಿಯ ಪ್ರತಿ ಮರಿಯ ಉಸಿರಾಟವನ್ನೂ ಪಶುವೈದ್ಯರು ಪರೀಕ್ಷಿಸಿ, ಒಡೆಯರಿಗೆ ಸತ್ಯ ಹೇಳಲಿ. ಇನ್ನು, ನಾಯಿ ಬೇಕೇಬೇಕು ಎನ್ನುವವರಿಗೆ ನಮ್ಮ ನೆಲದ್ದೇ ಆಯ್ಕೆಗಳಿವೆ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ, ಸೇನೆಯ ಕಣ್ಣಿಗೂ ಬಿದ್ದ ಮುಧೋಳ ನಾಯಿ ಬಯಲುಸೀಮೆಯ ಬಿಸಿಲಿನಲ್ಲೇ ಬೆಳೆದದ್ದು. ಓಡಲು ಜಾಗವಿರುವ ತೋಟದ ಮನೆಗೆ ಅದು ತಕ್ಕುದು. ಬಡಾವಣೆಯ ಮನೆಗೆ ಬೀದಿಯ ಮರಿಯೇ ಸಾಕು. ಅದರ ಮೂತಿ ಉದ್ದವಿದೆ, ಉಸಿರು ನಿರಾತಂಕವಾಗಿದೆ, ಸೆಕೆ ತಡೆಯುವ ಮೈ ಇದೆ.

ಇಷ್ಟಾದರೂ ಬುಲ್‌ಡಾಗ್ ಮರಿಯೇ ಬೇಕೆನಿಸಿದರೆ, ಹಣ ಎಣಿಸುವ ಮುನ್ನ ತಳಿಗಾರರ ಮನೆಗೆ ಖುದ್ದಾಗಿ ಹೋಗಬೇಕು. ಮರಿಯ ತಾಯಿಯನ್ನು ಹತ್ತು ನಿಮಿಷ ಅಂಗಳದಲ್ಲಿ ನಡೆದಾಡಿಸಲು ಹೇಳಿ, ಪಕ್ಕದಲ್ಲಿ ನಿಂತು ಅದರ ಉಸಿರನ್ನು ಕಿವಿಗೊಟ್ಟು ಕೇಳಬೇಕು. ತಾಯಿ ಹತ್ತು ನಿಮಿಷಕ್ಕೆ ಏದುಸಿರಾಗಿ ಕುಸಿದರೆ, ಅಥವಾ ತಾಯಿಯನ್ನು ತೋರಿಸಲು ಮಾರುವವರು ಹಿಂಜರಿದರೆ, ಬರಿಗೈಯಲ್ಲಿ ಹಿಂದಿರುಗುವುದೇ ಸರಿ. ಕೊಳ್ಳುವವರು ಹಿಂದಿರುಗತೊಡಗಿದ ದಿನ ಮರಿ ಹಾಕಿಸುವವರೂ ಯೋಚಿಸತೊಡಗುತ್ತಾರೆ.